ಸಮಾಜ ವಿಜ್ಞಾನದ ಕಲಿಕಾ ಫಲ ತಿದ್ದಿ, ಪ್ರಶ್ನೆಪತ್ರಿಕೆ ಕಟ್ಟಿದ ಬಗೆ: ಹಾಸನದಿಂದ ಒಂದು ಅನುಭವ

ರಾಜ್ಯದ ಸಮಾಜ ವಿಜ್ಞಾನ ಪಠ್ಯಪುಸ್ತಕಗಳು 2017, 2022, 2023ರಲ್ಲಿ ತಿದ್ದುಪಡಿ ಕಂಡವು. ಪಾಠದ ಸಾಲಿಗೆ ಅಂಟಿಕೊಂಡ ಪ್ರಶ್ನೆಗಳು ಪ್ರತಿ ಸಲವೂ ಒಂದಷ್ಟು ಹಳತಾಗುತ್ತವೆ. ಹೀಗಾಗಿ ಹಾಸನ ಜಿಲ್ಲೆಯಲ್ಲಿ ಪ್ರೌಢಶಾಲೆಗೆ ಪಾಠ ಹೇಳುವ ನಾವು ಕೆಲವರು ಪ್ರಶ್ನೆಗಳನ್ನು ಪಾಠದಿಂದ ಬಿಡಿಸಿ ಕಲಿಕಾ ಫಲಕ್ಕೆ, ಅಂದರೆ ಕಲಿತ ಮೇಲೆ ಮಗು ಏನು ಮಾಡಬಲ್ಲದು ಎಂಬುದಕ್ಕೆ, ಕಟ್ಟಿದೆವು. ಆಕರ ಓದುವುದು, ಅಂಕಿಅಂಶ ಹೋಲಿಸುವುದು, ನಕ್ಷೆಯಲ್ಲಿ ಜಾಗ ಗುರುತಿಸುವುದು ಯಾವ ತಿದ್ದುಪಡಿಯಲ್ಲೂ ಹೋಗುವುದಿಲ್ಲ.

ಮೊದಲು ಮುಟ್ಟಬೇಕಾದದ್ದು ಕ್ರಿಯಾಪದ. ‘ತಿಳಿಯುವರು’, ‘ಅರಿಯುವರು’, ‘ಮೆಚ್ಚುವರು’ ಎಂಬ ಫಲಗಳಿಗೆ ಅಂಕ ಹಾಕಲು ಬರುವುದಿಲ್ಲ. ಮಗುವಿನ ಮನಸ್ಸಿನಲ್ಲಿ ಆದದ್ದು ನಮಗೆ ಕಾಣದು, ಬರೆದದ್ದು ಮಾತ್ರ ಕಾಣುತ್ತದೆ. ಅಂಥವನ್ನೆಲ್ಲ ಕೆಂಪು ಶಾಯಿಯಲ್ಲಿ ಗುರುತು ಮಾಡಿ ಗುರುತಿಸುವರು, ಹೋಲಿಸುವರು, ಆಧಾರ ಕೊಟ್ಟು ಸಮರ್ಥಿಸುವರು ಎಂದು ಬದಲಿಸಿದೆವು. ಒಂದು ಫಲಕ್ಕೆ ಒಂದೇ ಕ್ರಿಯಾಪದ ಇರಬೇಕು. ‘ಹೋಲಿಸಿ ವಿಮರ್ಶಿಸುವರು’ ಎಂದು ಎರಡು ಸೇರಿಸಿದರೆ, ಅರ್ಧ ಅಂಕ ಪಡೆದ ಮಗುವಿಗೆ ಯಾವುದು ಬರಲಿಲ್ಲ ಎಂಬುದೇ ಗೊತ್ತಾಗದು.

ಆಮೇಲೆ ಪ್ರಶ್ನೆ ಬರೆಯುವ ಮೊದಲೇ ಮಾದರಿ ಉತ್ತರ ಮತ್ತು ಅಂಕ ಹಂಚಿಕೆ ಬರೆದೆವು. ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಈ ತಿರುವುಮುರುವು. ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನವನ್ನೇ ನೋಡಿ. ‘ಕನ್ನಡದ ಮೊದಲ ಶಾಸನ ಯಾವುದು?’ ಎಂಬ ಒಂದಂಕದ ಪ್ರಶ್ನೆ ನೆನಪನ್ನಷ್ಟೇ ಅಳೆಯುತ್ತದೆ. ತಾಳಗುಂದದ ಶಾಸನ ಇನ್ನೂ ಹಳೆಯದು ಎಂಬ ವಾದ ಬಂದ ಮೇಲಂತೂ ಆ ಪ್ರಶ್ನೆ ಇಕ್ಕಟ್ಟಿಗೆ ಸಿಕ್ಕಿದೆ. ಹಲ್ಮಿಡಿ ಶಾಸನದಲ್ಲಿ ಇಸವಿ ಇಲ್ಲ. ಕದಂಬ ಕಾಕುಸ್ಥನ ಹೆಸರು, ಲಿಪಿಯ ಸ್ವರೂಪ ಇವುಗಳಿಂದ ಅದನ್ನು ಸುಮಾರು ಕ್ರಿ.ಶ. 450 ಎಂದು ಅಂದಾಜಿಸಲಾಗಿದೆ. ಈ ಸಂಗತಿಗಳನ್ನು ಪ್ರಶ್ನೆಯ ಮೇಲೆಯೇ ನಾಲ್ಕು ಸಾಲಿನಲ್ಲಿ ಕೊಟ್ಟು ಹೀಗೆ ಕೇಳಿದೆವು: ‘ಶಾಸನದ ಕಾಲ ಹೇಳಲು ಇಲ್ಲಿರುವ ಒಂದು ಆಧಾರ ಯಾವುದು? ಅದರಿಂದ ಕಾಲ ಹೇಗೆ ತಿಳಿಯುತ್ತದೆ? ಆ ಆಧಾರದ ಮಿತಿ ಏನು?’ ಆಧಾರ ಗುರುತಿಸಿದರೆ 1, ಅದನ್ನು ಕಾಲಕ್ಕೆ ಜೋಡಿಸಿದರೆ 1, ಮಿತಿ ಹೇಳಿದರೆ 1. ‘450’ ಎಂದಷ್ಟೇ ಬರೆದವರಿಗೆ ಅಂಕವಿಲ್ಲ.

ಇಲ್ಲಿ ಎರಡು ಕಡೆ ಎಡವಬಹುದು. ಶಾಸನದ ಹಳಗನ್ನಡವನ್ನು ಹಾಗೇ ಕೊಟ್ಟರೆ ಅದು ಕನ್ನಡ ಪರೀಕ್ಷೆಯಾಗುತ್ತದೆ. ಹೊಸಗನ್ನಡದಲ್ಲಿ, 60 ಪದದೊಳಗೆ ಕೊಡಬೇಕು. ಇನ್ನೊಂದು, ಇಂಥ ಉತ್ತರಗಳಿಗೆ ಶಿಕ್ಷಕರಿಂದ ಶಿಕ್ಷಕರಿಗೆ ಅಂಕ ಬದಲಾಗುತ್ತದೆ. ಹತ್ತು ಉತ್ತರಪತ್ರಿಕೆಗಳನ್ನು ಇಬ್ಬರು ಒಬ್ಬರದನ್ನೊಬ್ಬರು ನೋಡದೆ ತಿದ್ದಬೇಕು. 3 ಅಂಕದ ಪ್ರಶ್ನೆಯಲ್ಲಿ 1ಕ್ಕಿಂತ ಹೆಚ್ಚು ವ್ಯತ್ಯಾಸ ಎರಡು ಮೂರು ಪತ್ರಿಕೆಗಳಲ್ಲಿ ಕಂಡರೂ, ಮಕ್ಕಳನ್ನು ಬಿಟ್ಟು ಅಂಕ ಹಂಚಿಕೆಯ ಮಾತುಗಳನ್ನು ತಿದ್ದಬೇಕು. ‘ನಿಮ್ಮ ಅಭಿಪ್ರಾಯವೇನು’ ಎಂದು ಕೇಳಿದಲ್ಲಿ ಅಂಕ ಆಧಾರಕ್ಕೇ ಹೊರತು ಅಭಿಪ್ರಾಯಕ್ಕಲ್ಲ. ಇದನ್ನು ಮಕ್ಕಳಿಗೂ ಮೊದಲೇ ಹೇಳಿಬಿಡಬೇಕು.

ಭೂಗೋಳಕ್ಕೆ ಬೇಕಾದ ಸಾಮಗ್ರಿ ಮಳೆಗಾಲದಲ್ಲಿ ದಿನಪತ್ರಿಕೆಯಲ್ಲೇ ಸಿಗುತ್ತದೆ: ಜಲಾಶಯದ ಮಟ್ಟ, ಒಳಹರಿವು, ಹೊರಹರಿವು. ಗೊರೂರಿನ ಹೇಮಾವತಿ ಜಲಾಶಯದ ಗರಿಷ್ಠ ಮಟ್ಟ 2,922 ಅಡಿ, ಕೆಆರ್‌ಎಸ್‌ನದು 124.80 ಅಡಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೇಮಾವತಿ ಅಣೆಕಟ್ಟು ಇಪ್ಪತ್ಮೂರು ಪಟ್ಟು ಎತ್ತರ ಎಂದು ಬರೆಯುವ ಮಕ್ಕಳಿರುತ್ತಾರೆ. ಮೊದಲನೆಯದು ಸಮುದ್ರಮಟ್ಟದಿಂದ ಲೆಕ್ಕ ಹಾಕಿದ್ದು, ಎರಡನೆಯದು ಹಾಗಲ್ಲ. ಬಹು ಆಯ್ಕೆ ಪ್ರಶ್ನೆಯ ತಪ್ಪು ಆಯ್ಕೆಗಳು ಹುಟ್ಟಬೇಕಾದದ್ದು ಇಂಥ ನಿಜವಾದ ಗೊಂದಲದಿಂದ. ಯಾರೂ ಆರಿಸದ ಆಯ್ಕೆಯಿಂದ ನಮಗೆ ಏನೂ ತಿಳಿಯುವುದಿಲ್ಲ. ಕ್ಯುಸೆಕ್ ಮತ್ತು ಟಿಎಂಸಿ ಗೊಂದಲವೂ ಹೀಗೆಯೇ. ಒಂದು ಟಿಎಂಸಿ ಎಂದರೆ 100 ಕೋಟಿ ಘನ ಅಡಿ. ಒಂದು ಕ್ಯುಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು; ಅದು ಇಡೀ ದಿನ ಹರಿದರೆ 86,400 ಘನ ಅಡಿ. ಅಂದರೆ ಸುಮಾರು 11,574 ಕ್ಯುಸೆಕ್ ಒಂದು ದಿನ ಹರಿದರೆ ಒಂದು ಟಿಎಂಸಿ. ಈ ಲೆಕ್ಕವನ್ನು ಪ್ರಶ್ನೆಯಲ್ಲೇ ಕೊಟ್ಟುಬಿಡಿ, ಇಲ್ಲವಾದರೆ ನಾವು ಅಳೆಯುವುದು ಗಣಿತವನ್ನು.

ಸ್ಥಳೀಯ ಉದಾಹರಣೆಗೂ ಒಂದು ಅಪಾಯವಿದೆ. ಸಕಲೇಶಪುರದ ಮಗುವಿಗೆ ಕಾಫಿ ತೋಟ ಮನೆಯ ಹಿತ್ತಲಿನ ವಿಷಯ, ಅರಸೀಕೆರೆಯ ಮಗುವಿಗೆ ತೆಂಗು. ಕಾಫಿಗೆ ನೆರಳಿನ ಮರ ಏಕೆ ಎಂದು ಬರಿದೇ ಕೇಳಿದರೆ ಅಳೆದದ್ದು ಕಲಿಕೆಯನ್ನಲ್ಲ, ಊರನ್ನು. ಪ್ರಶ್ನೆಗೆ ಬೇಕಾದ ಮಾಹಿತಿ ಪ್ರಶ್ನೆಯೊಳಗೇ ಇರಬೇಕು.

ಪ್ರಶ್ನೆಪತ್ರಿಕೆಯ ನೀಲನಕ್ಷೆಗೆ (ಯಾವ ಬಗೆಯ ಪ್ರಶ್ನೆ ಎಷ್ಟು ಎಂಬ ಯೋಜನೆ) ನಾವು ಹಿಡಿದದ್ದು 80 ಅಂಕ, 38 ಪ್ರಶ್ನೆಗಳ ವಿನ್ಯಾಸ: ಒಂದಂಕದ್ದು 16 (ಅದರಲ್ಲಿ 8 ಬಹು ಆಯ್ಕೆ), ಎರಡಂಕದ್ದು 8, ಮೂರಂಕದ್ದು 9, ನಾಲ್ಕಂಕದ್ದು 4, ಐದಂಕದ ನಕ್ಷೆ ಒಂದು. ಅಡ್ಡಸಾಲಿನಲ್ಲಿ ಕಲಿಕಾ ಫಲ, ಕಂಬಸಾಲಿನಲ್ಲಿ ಜ್ಞಾನ, ತಿಳುವಳಿಕೆ, ಅನ್ವಯ, ಕೌಶಲ ಹಾಕಿ ಪ್ರತಿ ಪ್ರಶ್ನೆಯ ಸಂಖ್ಯೆಯನ್ನು ಅದರ ಮನೆಯಲ್ಲಿ ಬರೆದರೆ ಖಾಲಿ ಮನೆಗಳು ತಾವೇ ಕಾಣುತ್ತವೆ. ಜ್ಞಾನದ ಕಂಬ ಕಿಕ್ಕಿರಿದಿರುವುದೇ ಸಾಮಾನ್ಯ ರೋಗ. ನಕ್ಷೆಯಲ್ಲಿ ಬಾಹ್ಯರೇಖೆಗೆ 1, ನಾಲ್ಕು ಸ್ಥಳಗಳಿಗೆ 4. ನದಿಯನ್ನು ಚುಕ್ಕೆಯಾಗಿ ಗುರುತಿಸಿದರೆ ಅಂಕ ಬೇಡ, ಗೆರೆಯೇ ಇರಬೇಕು.

ಪರೀಕ್ಷೆ ಮುಗಿದ ಮೇಲೆ ಅಂಕ ವಹಿಯಲ್ಲಿ ತುಂಬಿ ಕಟ್ಟಿಡುವುದು ದೊಡ್ಡ ನಷ್ಟ. 40 ಮಕ್ಕಳ ತರಗತಿಯಾದರೆ ಒಟ್ಟು ಅಂಕದಲ್ಲಿ ಮೇಲಿನ 11, ಕೆಳಗಿನ 11 ಪತ್ರಿಕೆ ತೆಗೆಯಿರಿ, ಶೇ. 27ರ ಲೆಕ್ಕ ಅದು. ಒಂದು ಪ್ರಶ್ನೆಗೆ ಮೇಲಿನವರಲ್ಲಿ 9, ಕೆಳಗಿನವರಲ್ಲಿ 3 ಮಂದಿ ಸರಿ ಬರೆದಿದ್ದರೆ 6ನ್ನು 11ರಿಂದ ಭಾಗಿಸಿ: 0.55, ಬಲ್ಲವರನ್ನೂ ಬಾರದವರನ್ನೂ ಬೇರ್ಪಡಿಸುವ ಒಳ್ಳೆಯ ಪ್ರಶ್ನೆ. 0.2ಕ್ಕಿಂತ ಕೆಳಗಿಳಿದರೆ ತಿದ್ದಿ ಬರೆಯಬೇಕು. ಕೆಳಗಿನ ಗುಂಪೇ ಹೆಚ್ಚು ಸರಿ ಬರೆದಿದ್ದರೆ ಮೊದಲು ಕೀ ಉತ್ತರ ನೋಡಿ, ಬಹುಪಾಲು ತಪ್ಪು ಅಲ್ಲೇ ಇರುತ್ತದೆ.

ಹೆಚ್ಚು ಮಕ್ಕಳು ಆರಿಸಿದ ತಪ್ಪು ಆಯ್ಕೆ ಯಾವುದೋ ಅದೇ ಮುಂದಿನ ಅವಧಿಯ ಪಾಠ. ಮರುಪರೀಕ್ಷೆಗೆ ಮಾತ್ರ ಹೇಮಾವತಿ ಬೇಡ; ಹಾರಂಗಿಯ 2,859 ಅಡಿ, ಕಬಿನಿಯ 2,284 ಅಡಿ ಕೊಡಿ. ಅದೇ ಸಂಖ್ಯೆ ಮತ್ತೆ ಕೊಟ್ಟರೆ ಸಮುದ್ರಮಟ್ಟ ಅರ್ಥವಾಗದಿದ್ದರೂ ಉತ್ತರ ಸರಿಯಾಗಿಯೇ ಬರುತ್ತದೆ.