ಉತ್ತರ ಬಾರದ ಕೊನೆಯ ಸಂದೇಶ: ಗೆಲುವಿಲ್ಲದ ಗೇಮ್ ಒಂದಕ್ಕೆ ಅಂತ್ಯ ಬರೆದ ಅನುಭವ

ನಮ್ಮ ಪುಟ್ಟ ತಂಡ ರೂಪಿಸಿದ ಗೇಮ್‌ನಲ್ಲಿ ಆಟಗಾರನೇ ರೇಡಿಯೊ ನಿರ್ವಾಹಕ. ಬಿರುಗಾಳಿಗೆ ಸಿಕ್ಕ ದೋಣಿಗಳಿಂದ ರಾತ್ರಿಯಿಡೀ ಕರೆಗಳು ಬರುತ್ತವೆ. ಬ್ಯಾಟರಿ ಇಳಿಯುತ್ತಾ ಹೋಗುತ್ತದೆ, ಎಲ್ಲರಿಗೂ ಉತ್ತರಿಸುವಷ್ಟು ವಿದ್ಯುತ್ ಇರುವುದಿಲ್ಲ. ಕೊನೆಯಲ್ಲಿ ಒಂದೇ ಒಂದು ಸಂದೇಶ ಕಳುಹಿಸುವಷ್ಟು ಶಕ್ತಿ ಉಳಿಯುತ್ತದೆ. ಅದು ಹೋಗುತ್ತದೆ, ಉತ್ತರ ಬರುವುದಿಲ್ಲ, ಆ ದೋಣಿ ದಡ ಸೇರಿತೇ ಎಂಬುದನ್ನು ಗೇಮ್ ಹೇಳುವುದಿಲ್ಲ. ಈ ಅಂತ್ಯವನ್ನು ಬರೆದು ರೂಪಿಸುವ ಹೊಣೆ ನನ್ನದಾಗಿತ್ತು. ಗಂಟೆಗಟ್ಟಲೆ ಆಡಿದವನನ್ನು ಇಂಥ ಕತ್ತಲೆಯಲ್ಲಿ ಬಿಟ್ಟು ಕಳುಹಿಸಿದರೆ ಆತ ಒಪ್ಪುತ್ತಾನೆಯೇ ಎಂಬ ಚರ್ಚೆ ತಂಡದಲ್ಲಿ ಕೊನೆಯವರೆಗೂ ನಡೆಯಿತು. (ಮುಂದೆ ಕೆಲವು ಹಳೆಯ ಗೇಮ್‌ಗಳ ಅಂತ್ಯಗಳು ಬಯಲಾಗುತ್ತವೆ; ಆಡದವರು ಎಚ್ಚರ ವಹಿಸಬಹುದು.)

ಮೊದಲ ಕರಡಿನಲ್ಲಿ ಅಂತ್ಯವನ್ನು ಕಟ್‌ಸೀನ್ ಆಗಿ, ಅಂದರೆ ಆಟಗಾರ ಬರೀ ನೋಡುವ ದೃಶ್ಯವಾಗಿ ಇಟ್ಟು, ಪ್ಲೇಟೆಸ್ಟ್‌ಗೆ, ಅಂದರೆ ಬೇರೆಯವರಿಂದ ಆಡಿಸಿ ನೋಡಲು ಕೊಟ್ಟೆವು. ಪರದೆ ಕಪ್ಪಾಯಿತು, ರೇಡಿಯೊದ ಗೊರಗೊರ ಸದ್ದು ಕೇಳಿಸಿತು, ಹೆಸರುಗಳ ಪಟ್ಟಿ ಸರಿಯಿತು. ಆಡಿದವರಲ್ಲಿ ಹೆಚ್ಚಿನವರು ದುಃಖದ ಮಾತಾಡಲಿಲ್ಲ, “ನಾನು ಎಲ್ಲಿ ತಪ್ಪಿದೆ? ಒಳ್ಳೆಯ ಅಂತ್ಯ ಬರಲು ಏನು ಮಾಡಬೇಕಿತ್ತು?” ಎಂದು ಕೇಳಿದರು. ಕಾದಂಬರಿಯ ನಾಯಕಿ ಸತ್ತರೆ, ತಾನು ಸರಿಯಾಗಿ ಓದದ್ದರಿಂದ ಹೀಗಾಯಿತು ಎಂದು ಯಾವ ಓದುಗನೂ ಭಾವಿಸುವುದಿಲ್ಲ. ಗೇಮ್ ಮಾತ್ರ ಮೊದಲ ನಿಮಿಷದಿಂದಲೇ ಸೋಲೆಂದರೆ ಮತ್ತೆ ಪ್ರಯತ್ನಿಸು ಎಂಬುದನ್ನು ಆಟಗಾರನಿಗೆ ರೂಢಿ ಮಾಡಿಸಿರುತ್ತದೆ. ಆದ್ದರಿಂದ ಕರಾಳ ಅಂತ್ಯವೂ ಅವನ ಕಣ್ಣಿಗೆ ‘ಗೇಮ್ ಓವರ್’ನಂತೆಯೇ ಕಾಣುತ್ತದೆ. ಅಲ್ಲಿಂದ ಮುಂದೆ ಅಂತ್ಯದ ದುಃಖವನ್ನು ತಗ್ಗಿಸುವ ಯೋಚನೆ ಬಿಟ್ಟು, ಇದು ಆಟಗಾರನ ವೈಫಲ್ಯವಲ್ಲ ಎಂಬುದನ್ನು ಹೇಗೆ ಮನಗಾಣಿಸುವುದು ಎಂಬ ಕಡೆಗೆ ಗಮನ ಹರಿಸಿದೆ.

ಗೆಲುವೇ ಇಲ್ಲದ ಗೇಮ್ ಹೊಸದೇನಲ್ಲ. 1980ರ ‘ಮಿಸೈಲ್ ಕಮಾಂಡ್’ನಲ್ಲಿ ನಗರಗಳನ್ನು ಎಷ್ಟು ಕಾಪಾಡಿದರೂ ಕೊನೆಗೆ ಎಲ್ಲವೂ ನಾಶವಾಗುತ್ತವೆ, ಆಗ ಪರದೆಯ ಮೇಲೆ ‘ದಿ ಎಂಡ್’ ಎಂದು ಮೂಡುತ್ತದೆ. ನನಗೆ ಹೆಚ್ಚು ಕಲಿಸಿದ್ದು 2010ರ ‘ಹೇಲೋ: ರೀಚ್’. ಕಥೆ ಮುಗಿದು ಕ್ರೆಡಿಟ್ಸ್ ಸರಿದ ಮೇಲೆ ಅದು ನಿಯಂತ್ರಣವನ್ನು ಮತ್ತೆ ಆಟಗಾರನಿಗೆ ಒಪ್ಪಿಸಿ, ಬದುಕುಳಿ ಎಂಬ ಒಂದೇ ಗುರಿ ಕೊಡುತ್ತದೆ. ಶತ್ರುಗಳು ಮುಗಿಯುವುದಿಲ್ಲ, ಪೆಟ್ಟು ಬಿದ್ದಂತೆ ಹೆಲ್ಮೆಟ್‌ನ ಗಾಜು ಬಿರುಕು ಬಿಡುತ್ತದೆ, ಸಾವು ಖಚಿತ. ಅದೇ ವರ್ಷದ ‘ರೆಡ್ ಡೆಡ್ ರಿಡೆಂಪ್ಷನ್’ನಲ್ಲಿ ನಾಯಕ ಜಾನ್ ಮಾರ್ಸ್ಟನ್ ಕೊಟ್ಟಿಗೆಯ ಬಾಗಿಲು ತೆರೆದು ಬಂದೂಕುಧಾರಿಗಳ ಸಾಲಿನ ಎದುರು ನಿಂತಾಗಲೂ ಗುರಿಯಿಡುವವನು ಆಟಗಾರನೇ, ಕೆಲವರನ್ನು ಹೊಡೆದುರುಳಿಸಬಹುದು, ಉಳಿಯಲಾಗದು. ಕೊನೆಯ ಕ್ರಿಯೆ ಆಟಗಾರನ ಕೈಯಲ್ಲೇ ನಡೆದಾಗ, ಅದನ್ನು ಅವನು ತನ್ನದೆಂದು ಒಪ್ಪಿಕೊಳ್ಳುತ್ತಾನೆ.

ಇದಕ್ಕೆ ವಿರುದ್ಧವಾದ ಸಾಕ್ಷ್ಯವಾಗಿ ತಂಡದಲ್ಲಿ ಎಲ್ಲರೂ 2012ರ ‘ಮಾಸ್ ಎಫೆಕ್ಟ್ 3’ನ್ನು ಮುಂದಿಡುತ್ತಿದ್ದರು. ಕರಾಳ ಅಂತ್ಯವೆಂದರೆ ಆಟಗಾರರು ಸಿಡಿದೇಳುತ್ತಾರೆ ಎಂಬುದು ಅವರ ವಾದ. ನನಗೆ ಹಾಗನ್ನಿಸಲಿಲ್ಲ. ಸರಣಿಯ ಮೂರು ಗೇಮ್‌ಗಳುದ್ದಕ್ಕೂ ಮಾಡಿದ ಆಯ್ಕೆಗಳು ಕೊನೆಯಲ್ಲಿ ಬಹುಮಟ್ಟಿಗೆ ಒಂದೇ ಬಗೆಯ ದೃಶ್ಯದ ಬಣ್ಣದ ವ್ಯತ್ಯಾಸಕ್ಕೆ ಇಳಿದವು ಎಂಬುದೇ ಅಲ್ಲಿ ಮುಖ್ಯ ದೂರಾಗಿತ್ತು. ಅದೇ ವರ್ಷದ ಜೂನ್‌ನಲ್ಲಿ ಉಚಿತವಾಗಿ ಬಂದ ವಿಸ್ತೃತ ಅಂತ್ಯವು ಆಯ್ಕೆಗಳ ಪರಿಣಾಮಗಳನ್ನು ತೋರಿಸಿತು. ಜೊತೆಗೆ, ಎಲ್ಲ ಆಯ್ಕೆಗಳನ್ನೂ ನಿರಾಕರಿಸಿ ಆ ಪೀಳಿಗೆಯ ನಾಗರಿಕತೆಗಳೆಲ್ಲವೂ ಅಳಿಯುವ ಇನ್ನೂ ಕರಾಳವಾದ ದಾರಿಯನ್ನೂ ಸೇರಿಸಿತು. ದೂರು ಕತ್ತಲೆಯ ಕುರಿತಾಗಿದ್ದರೆ ಇದು ಪರಿಹಾರವೇ ಆಗುತ್ತಿರಲಿಲ್ಲ.

ಹೀಗೆ ಯೋಚಿಸಿ ಕಟ್‌ಸೀನ್ ತೆಗೆದುಹಾಕಿದೆ. ಕೊನೆಯ ಸಂದೇಶ ಯಾವ ದೋಣಿಗೆ ಎಂಬುದನ್ನು ಆಟಗಾರನೇ ನಿರ್ಧರಿಸುತ್ತಾನೆ, ಬಟನ್ ಒತ್ತಿ ಹಿಡಿದು ತಾನೇ ಕಳುಹಿಸುತ್ತಾನೆ, ಹಿಡಿದಷ್ಟು ಹೊತ್ತೂ ಬ್ಯಾಟರಿಯ ಮುಳ್ಳು ಇಳಿಯುತ್ತದೆ. ಒಮ್ಮೆ ಇಳಿದ ಬ್ಯಾಟರಿ ಮತ್ತೆ ತುಂಬುವುದಿಲ್ಲ ಎಂಬ ನಿಯಮವನ್ನು ಮೊದಲ ರಾತ್ರಿಯಲ್ಲೇ, ಇನ್ನೂ ಯಾವ ಅಪಾಯವೂ ಇಲ್ಲದಾಗಲೇ, ಆಟಗಾರನಿಗೆ ಕಲಿಸಿದೆ. ಕೊನೆಗೆ ಬಂದ ಕತ್ತಲೆ ಬರಹಗಾರನ ಹಠದಂತೆ ಕಾಣದೆ ಲೆಕ್ಕದ ಫಲದಂತೆ ಕಾಣಬೇಕೆಂಬುದು ನನ್ನ ಉದ್ದೇಶ. ಹಿಂದಿನ ಸೇವ್‌ಗೆ, ಅಂದರೆ ಮೊದಲು ಉಳಿಸಿಟ್ಟ ಹಂತಕ್ಕೆ ಮರಳುವ ಸೂಚನೆಯನ್ನು ಅಂತ್ಯದ ಪರದೆಯಿಂದ ತೆಗೆದು, ಅದೇ ಜಾಗದಲ್ಲಿ ನಿರ್ವಾಹಕನ ದಿನಚರಿಯನ್ನು ಇಟ್ಟೆ. ಯಾವ ಕರೆಗೆ ಎಷ್ಟು ಹೊತ್ತಿಗೆ ಉತ್ತರಿಸಿದ್ದ, ಯಾವುದನ್ನು ಬಿಟ್ಟಿದ್ದ ಎಂಬ ದಾಖಲೆ ಅದರಲ್ಲಿದೆ, ಹೊಗಳಿಕೆಯಾಗಲಿ ಅಂಕಗಳಾಗಲಿ ಇಲ್ಲ. ಕಥೆ ಮುಗಿಯಲಿಲ್ಲವಾದರೂ ಆಟಗಾರನ ಕೆಲಸ ಮುಗಿಯಿತೆಂದು ತಿಳಿಸಲು ಇದಷ್ಟೇ ಸಾಕಾಯಿತು.

ಬಗೆಹರಿಯದ ಅಂತ್ಯ ಬೇರೆ, ಬರೆಯದೆ ಬಿಟ್ಟ ಅಂತ್ಯ ಬೇರೆ. 2007ರ ‘ಹಾಫ್-ಲೈಫ್ 2: ಎಪಿಸೋಡ್ ಟು’ ಒಂದು ಸಾವಿನ ಬಳಿಕ ಥಟ್ಟನೆ ನಿಂತಿತು, ಮುಂದಿನ ಕಂತು ಬರಲೇ ಇಲ್ಲ. ಅದನ್ನು ಕಲೆಯ ಅನಿಶ್ಚಿತತೆ ಎಂದು ಕೊಂಡಾಡಲು ನನಗಂತೂ ಮನಸ್ಸಾಗದು. 2013ರ ‘ದಿ ಲಾಸ್ಟ್ ಆಫ್ ಅಸ್’ ನಾಯಕ ಜೋಯಲ್ ಹೇಳಿದ ಸುಳ್ಳಿಗೆ ‘ಎಲ್ಲಿ’ ಎಂಬ ಹುಡುಗಿ ಕೊಡುವ ಒಂದೇ ಮಾತಿನ ಒಪ್ಪಿಗೆಯೊಂದಿಗೆ ನಿಲ್ಲುತ್ತದೆ, ಆಕೆ ನಂಬಿದಳೇ ಎಂಬುದು ತಿಳಿಯುವುದಿಲ್ಲ. ಆದರೆ ಆ ಮಾತಿಗೆ ಮೊದಲಿನ ಕೊನೆಯ ನಡಿಗೆಯಲ್ಲಿ ಆಟಗಾರ ನಡೆಸುವುದು ಜೋಯಲ್‌ನನ್ನಲ್ಲ, ಎಲ್ಲಿಯನ್ನು. ಅಷ್ಟು ಹೊತ್ತು ಜೋಯಲ್‌ನೊಳಗಿದ್ದವನನ್ನು ಆ ಸುಳ್ಳು ಕೇಳಿಸಿಕೊಳ್ಳುವವಳ ಪಕ್ಕಕ್ಕೆ ಸರಿಸಿದ್ದರಿಂದಲೇ ಉಳಿದ ಪ್ರಶ್ನೆ ಆಟಗಾರನ ಸ್ವಂತದ್ದಾಗುತ್ತದೆ. ಅಷ್ಟು ನುಣುಪಾದ ಉಪಾಯ ನನ್ನ ಗೇಮ್‌ಗೆ ಹೊಳೆಯಲಿಲ್ಲ.

ಬದಲಾದ ಆವೃತ್ತಿಯನ್ನು ಆಡಿದವರೆಲ್ಲ ಸಂತೋಷಪಟ್ಟರು ಎನ್ನಲಾರೆ. ದೋಣಿ ದಡ ಸೇರಿತೆಂಬ ಸಣ್ಣ ಸುಳಿವಾದರೂ ಬೇಕಿತ್ತು ಎಂದವರಿದ್ದರು. ಸಹೋದ್ಯೋಗಿಯೊಬ್ಬರೂ ದೂರದಲ್ಲಿ ಒಂದು ದೀಪ ತೋರಿಸೋಣ ಎಂದು ಒತ್ತಾಯಿಸಿದರು. ನಾನು ಒಪ್ಪಲಿಲ್ಲ, ಏಕೆಂದರೆ ದೀಪ ಕಂಡ ಕ್ಷಣವೇ ಉಳಿದ ದೋಣಿಗಳನ್ನು ಆರಿಸಿದವರೆಲ್ಲ ತಪ್ಪು ಉತ್ತರ ಕೊಟ್ಟವರಾಗುತ್ತಿದ್ದರು. ತೃಪ್ತಿಯನ್ನು ನಾನು ಅಳೆದದ್ದು ಆಟ ಮುಗಿದ ಮೇಲಿನ ಪ್ರಶ್ನೆಗಳಿಂದ. ಎಲ್ಲಿ ತಪ್ಪಿದೆ ಎಂದು ಕೇಳುವವರು ಕಡಿಮೆಯಾಗಿ, ಪಕ್ಕದವರನ್ನು “ನೀವು ಯಾರಿಗೆ ಕಳುಹಿಸಿದಿರಿ?” ಎಂದು ಕೇಳುವವರು ಹೆಚ್ಚಾದಾಗ ಅಂತ್ಯವನ್ನು ತಿದ್ದುವುದನ್ನು ನಿಲ್ಲಿಸಿದೆ.