ಕೆಲಸದ ಮೌಲ್ಯಮಾಪನದಿಂದ ಧರ್ಮಾಚರಣೆಯನ್ನು ಹೊರಗಿಟ್ಟ ಬಗೆ: ನನ್ನ ಅನುಭವ

ಸಿಬ್ಬಂದಿಯಲ್ಲಿ ಬಹುಪಾಲು ಒಂದೇ ಸಮುದಾಯದವರಿದ್ದ ಸಂಸ್ಥೆಯೊಂದರಲ್ಲಿ ಮಾನವ ಸಂಪನ್ಮೂಲ ವಿಭಾಗದ ಹೊಣೆ ಹೊತ್ತಿದ್ದಾಗ, ಆ ಸಮುದಾಯದ ಆಚರಣೆಗಳನ್ನು ಪಾಲಿಸದವರಿಗೆ ಬಡ್ತಿ ತಪ್ಪುತ್ತಿರುವುದು ನನ್ನ ಗಮನಕ್ಕೆ ಬಂತು. ಅವರಲ್ಲಿ ಬೇರೆ ಧರ್ಮದವರೂ ಇದ್ದರು, ಅದೇ ಸಮುದಾಯದಲ್ಲಿ ಹುಟ್ಟಿ ಪ್ರಾರ್ಥನೆ ಬಿಟ್ಟವರು, ಹೊರಗಿನವರನ್ನು ಮದುವೆಯಾದವರು, ದೇವರನ್ನೇ ನಂಬದವರೂ ಇದ್ದರು. ಹೆಚ್ಚು ಪೆಟ್ಟು ತಿಂದವರು ಈ ಒಳಗಿನವರೇ. ಹೊರಗಿನವರಿಗೆ ಸಿಗುವ ವಿನಾಯಿತಿ, ‘ನಮ್ಮವರಾಗಿ ಹೀಗೆ ಮಾಡಬಹುದೇ’ ಎಂಬ ಮಾತು ಕೇಳಬೇಕಾದವರಿಗೆ ಸಿಗುವುದಿಲ್ಲ.

ಇಂಥ ಕಾರಣವನ್ನು ಯಾರೂ ಕಡತದಲ್ಲಿ ಬರೆಯುವುದಿಲ್ಲ. ಬಡ್ತಿ ಸಭೆಯೊಂದರಲ್ಲಿ ಸಹೋದ್ಯೋಗಿಯೊಬ್ಬರ ವಾರ್ಷಿಕ ಮೌಲ್ಯಮಾಪನ ನನ್ನೆದುರಿಗಿತ್ತು. ಗುರಿ ಸಾಧನೆ, ಗ್ರಾಹಕರ ಅಭಿಪ್ರಾಯ, ಹಾಜರಾತಿ ಎಲ್ಲದರಲ್ಲೂ ಒಳ್ಳೆಯ ಅಂಕಗಳಿದ್ದರೂ ಷರಾ ಕಲಂನಲ್ಲಿ ‘ತಂಡದೊಂದಿಗೆ ಬೆರೆಯುವುದಿಲ್ಲ’ ಎಂದಿತ್ತು. ಯಾವ ಕೆಲಸದಲ್ಲಿ ಬೆರೆಯಲಿಲ್ಲ, ಅದರಿಂದ ಏನು ನಿಂತುಹೋಯಿತು ಎಂದು ಕೇಳಿದೆ. “ಕೆಲಸದ ಬಗ್ಗೆ ದೂರಿಲ್ಲ ಮೇಡಂ, ಬೆಳಗಿನ ಪ್ರಾರ್ಥನೆಗೆ ಎಲ್ಲರೂ ನಿಂತರೆ ಅವರೊಬ್ಬರು ಕುರ್ಚಿ ಬಿಟ್ಟು ಏಳುವುದಿಲ್ಲ” ಎಂದರು ಮೇಲಧಿಕಾರಿ. ಆ ಉತ್ತರವನ್ನು ಹಾಗೆಯೇ ಸಭೆಯ ನಡಾವಳಿಯಲ್ಲಿ ಬರೆಸೋಣವೇ ಎಂದು ಕೇಳಿದಾಗ ಅವರು ಷರಾವನ್ನು ಹಿಂದಕ್ಕೆ ಪಡೆದರು.

ಅಲ್ಲಿಂದ ಮುಂದೆ, ಸ್ವಭಾವದ ಕುರಿತ ಯಾವ ಷರಾಕ್ಕೂ ಕೆಲಸಕ್ಕೆ ಸಂಬಂಧಿಸಿದ ಒಂದು ನಿದರ್ಶನವನ್ನು ದಿನಾಂಕದೊಂದಿಗೆ ಕೊಡಬೇಕು, ಇಲ್ಲವಾದರೆ ಅದನ್ನು ಬಡ್ತಿಗೆ ಪರಿಗಣಿಸುವುದಿಲ್ಲ ಎಂಬ ನಿಯಮ ತಂದೆವು. ನಾವು ಮಾಡಿದ ಎಲ್ಲ ಬದಲಾವಣೆಗಳಲ್ಲಿ ಹೆಚ್ಚು ಫಲ ಕೊಟ್ಟದ್ದು ಇದೇ ಎಂದು ನಾನು ನಂಬಿದ್ದೇನೆ. ಪ್ರಾರ್ಥನೆಯನ್ನು ಕೆಲಸದ ಅವಧಿಗಿಂತ ಮುಂಚೆ, ಬೇರೆ ಕೊಠಡಿಯಲ್ಲಿ, ಇಷ್ಟವಿದ್ದವರಿಗಾಗಿ ಇಟ್ಟೆವು. ಧಾರ್ಮಿಕ ಕಾರ್ಯಕ್ರಮಗಳಿಗೆ ವಂತಿಗೆ ಕೊಟ್ಟವರ ಪಟ್ಟಿಯನ್ನು ಸೂಚನಾಫಲಕಕ್ಕೆ ಹಾಕುವುದು ನಿಂತಿತು. ಆ ಪಟ್ಟಿ ನಿಜವಾಗಿ ಹೇಳುತ್ತಿದ್ದುದು ಕೊಡದವರ ಹೆಸರನ್ನು. ನೇಮಕಾತಿಯಲ್ಲಿ ಮೊದಲ ಸುತ್ತಿಗೆ ಅರ್ಜಿಗಳ ಮೇಲಿನ ಹೆಸರನ್ನು ಮುಚ್ಚಿದೆವು. ಫ್ರಾನ್ಸ್‌ನಲ್ಲಿ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಮೂಲ ಮತ್ತು ಅರ್ಹತೆ ಒಂದೇ ಆಗಿದ್ದರೂ ಮುಸ್ಲಿಮರೆಂದು ತೋರುವ ಅಭ್ಯರ್ಥಿಗೆ, ಕ್ರೈಸ್ತರೆಂದು ತೋರುವ ಅಭ್ಯರ್ಥಿಗಿಂತ ಸಂದರ್ಶನದ ಕರೆ ಬರುವ ಸಾಧ್ಯತೆ ಎರಡೂವರೆ ಪಟ್ಟು ಕಡಿಮೆಯಿತ್ತು. ಅದನ್ನು ಓದಿದ್ದ ನನಗೆ ಈ ಕ್ರಮ ಅತಿಯೆನಿಸಲಿಲ್ಲ.

ಶ್ರದ್ಧಾವಂತ ಸಹೋದ್ಯೋಗಿಗಳು ಕೆಲವರು ನೊಂದುಕೊಂಡರು, ತಮ್ಮ ನಂಬಿಕೆಯನ್ನೇ ಕಚೇರಿಯಿಂದ ಹೊರಹಾಕಲಾಗುತ್ತಿದೆ ಎಂದುಕೊಂಡರು. ಅವರ ನೋವು ಕಡೆಗಣಿಸುವಂಥದ್ದಾಗಿರಲಿಲ್ಲ, ಹಾಗಾಗಿ ಒಬ್ಬೊಬ್ಬರೊಂದಿಗೂ ಕುಳಿತು ಮಾತನಾಡಿದೆ. 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 18ನೇ ವಿಧಿಯು ಧರ್ಮವನ್ನು ಆಚರಿಸುವ ಸ್ವಾತಂತ್ರ್ಯವನ್ನೂ ಅದನ್ನು ಬದಲಿಸುವ ಸ್ವಾತಂತ್ರ್ಯವನ್ನೂ ಒಟ್ಟಿಗೇ ಕಾಪಾಡುತ್ತದೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1958ರ 111ನೇ ಒಡಂಬಡಿಕೆ ಉದ್ಯೋಗದಲ್ಲಿ ಧರ್ಮದ ಆಧಾರದ ತಾರತಮ್ಯವನ್ನು ಹೆಸರಿಸಿಯೇ ಸೇರಿಸಿದೆ. ಬ್ರಿಟನ್ನಿನ 2010ರ ಸಮಾನತೆ ಕಾಯ್ದೆಯಂತೂ ಯಾವ ಧರ್ಮವೂ ಇಲ್ಲದಿರುವುದಕ್ಕೂ ಅದೇ ರಕ್ಷಣೆ ಕೊಟ್ಟಿದೆ. ನಾಳೆ ಇವರೇ ಬೇರೊಂದು ಸಮುದಾಯದವರು ತುಂಬಿರುವ ಕಚೇರಿಗೆ ಹೋದರೆ ಇದೇ ನಿಯಮ ಇವರನ್ನು ಕಾಯುತ್ತದೆ ಎಂಬ ಮಾತು ಹಲವರಿಗೆ ಒಪ್ಪಿಗೆಯಾಯಿತು, ಎಲ್ಲರಿಗೂ ಅಲ್ಲ.

ಅತ್ಯಂತ ಕಷ್ಟವಾದದ್ದು ದೂರು ಕೊಟ್ಟವರನ್ನು ಕಾಪಾಡುವುದು. ಬೈಗುಳ, ಬೆದರಿಕೆಗಳು ಕಣ್ಣಿಗೆ ಬೀಳುತ್ತವೆ. ಸಭೆಯ ಆಹ್ವಾನದಿಂದ ಹೆಸರು ಬಿಟ್ಟುಹೋಗುವುದು, ಒಳ್ಳೆಯ ಕೆಲಸಗಳು ಮೆಲ್ಲಗೆ ಬೇರೆಯವರ ಪಾಲಾಗುವುದು ಬೀಳುವುದಿಲ್ಲ. ಆದ್ದರಿಂದ ದೂರಿನ ವಿಚಾರಣೆಯನ್ನು ಆ ವಿಭಾಗಕ್ಕೆ ಸೇರದವರಿಗೆ ವಹಿಸಿ, ದೂರಿಗೆ ಮುಂಚಿನ ಮತ್ತು ನಂತರದ ಕೆಲಸ ಹಂಚಿಕೆ, ಪಾಳಿ, ರಜೆ ಮಂಜೂರಾತಿಗಳನ್ನು ಹೋಲಿಸಿ ನೋಡುವ ಕ್ರಮ ಇಟ್ಟುಕೊಂಡೆ. ದೂರು ಕೊಡುವವರಿಗೂ ಒಂದು ಮಾತು ಹೇಳುತ್ತಿದ್ದೆ: ಯಾರು, ಯಾವ ದಿನ, ಯಾರ ಎದುರು, ಯಾವ ಮಾತು ಹೇಳಿದರು ಎಂಬುದನ್ನು ಅಂದೇ ಬರೆದಿಡಿ. ಹೀಗೆ ಬರೆದಿಟ್ಟವರ ದೂರುಗಳನ್ನು ‘ತಪ್ಪು ತಿಳಿವಳಿಕೆ’ ಎಂದು ಮುಚ್ಚಿಹಾಕಲು ಯಾರಿಗೂ ಸುಲಭವಾಗಲಿಲ್ಲ.