ಘಟ್ಟ ಹತ್ತುವ ಮೊದಲು ನದಿ ನೋಡಿ

ನಮ್ಮ ಮನೆ ಗೋವಾದ ಮಾಪ್ಸಾದಲ್ಲಿ, ಊರು ಬೈಲಹೊಂಗಲದ ಕಡೆ. ವಾರಕ್ಕೆ ನಾಲ್ಕು ಸಲ ಬೆಳಗಾವಿಗೆ ಹೋಗಿ ಪಿಕಪ್‌ನಲ್ಲಿ ತರಕಾರಿ ತರುತ್ತೇನೆ. ಹದಿನಾರು ವರ್ಷವಾಯಿತು. ಮಳೆಗಾಲ ಶುರುವಾದರೆ ಸಾಕು, ವಾಸ್ಕೋ, ಫೋಂಡಾ ಕಡೆಯ ನಮ್ಮ ಜನ ಫೋನ್ ಮಾಡುತ್ತಾರೆ. "ಅಣ್ಣಾ, ಊರಿಗೆ ಹೊಂಟೀವಿ, ಯಾವ ಘಾಟ್ ಛಲೋ ಐತಿ?" ನಾನು ಮೊದಲು ಕೇಳುವುದು ಒಂದೇ ಮಾತು: "ನೀವು ನದಿಯ ಯಾವ ದಂಡೆಯಲ್ಲಿದ್ದೀರಿ?"

ಗೋವಾದಲ್ಲಿ ಘಟ್ಟ ಉತ್ತರ-ದಕ್ಷಿಣವಾಗಿ ಗೋಡೆಯ ಹಾಗೆ ನಿಂತಿದೆ. ಅಲ್ಲಿಂದ ಇಳಿದ ನೀರೆಲ್ಲ ಪಡುವಣಕ್ಕೆ ಬರುತ್ತದೆ. ಮಾಂಡವಿ, ಜುವಾರಿ ಎರಡೂ ಪಣಜಿಯ ಅಕ್ಕಪಕ್ಕದಲ್ಲೇ ಕಡಲು ಸೇರುತ್ತವೆ. ಊರಿಗೆ ಹೋಗುವ ದಾರಿಯಲ್ಲಿ ಅರ್ಧ ಸಮಯ ಹೋಗುವುದು ಘಟ್ಟದಲ್ಲಲ್ಲ, ತಪ್ಪು ಸೇತುವೆಯ ಹತ್ತಿರ.

ಮಾಂಡವಿಯ ಉತ್ತರಕ್ಕಿದ್ದರೆ, ಅಂದರೆ ಮಾಪ್ಸಾ, ಡಿಚೋಲಿ ಕಡೆಯಿದ್ದರೆ, ಪಣಜಿಗೆ ಹೋಗಲೇಬೇಡಿ. ಸಾಖಳಿ, ಕೇರಿ, ಚೋರ್ಲಾ ಘಾಟ್, ಕಣಕುಂಬಿ, ಜಾಂಬೋಟಿ, ಬೆಳಗಾವಿ. ಫೋಂಡಾದವರಿಗೆ ಅನಮೋಡ ಸರಿ: ಮೋಲೆಂ ದಾಟಿ ಮೇಲೆ ಹತ್ತಿದರೆ ರಾಮನಗರ. ಅಲ್ಲಿಂದ ಅಳ್ನಾವರದ ಮೇಲೆ ಧಾರವಾಡ, ಇಲ್ಲವೇ ಲೋಂಡಾ, ಖಾನಾಪುರದ ಮೇಲೆ ಬೆಳಗಾವಿ. ವಾಸ್ಕೋದವರು ಪಣಜಿ ಸುತ್ತಿ ಬರುವುದನ್ನು ನೋಡಿದರೆ ನನಗೆ ಬೇಜಾರಾಗುತ್ತದೆ. ಬೋರಿ ಸೇತುವೆಯಲ್ಲಿ ಜುವಾರಿ ದಾಟಿದರೆ ನೇರ ಫೋಂಡಾ ಸಿಗುತ್ತದೆ. ಕಾಣಕೋಣದವರಿಗೆ ಕಾರವಾರ, ಅಂಕೋಲಾ, ಯಲ್ಲಾಪುರದ ಮೇಲೆ ಹುಬ್ಬಳ್ಳಿ. ಕಾಳಿ ನದಿಯ ಹಳೆ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿದು ಬಿದ್ದಿದೆ. ಹಾಗಾಗಿ ಹೊರಡುವ ಮೊದಲು ಆ ಕಡೆಯ ಟ್ರಾಫಿಕ್ ವಿಚಾರಿಸಿಕೊಳ್ಳಿ.

ಇನ್ನು ಘಾಟ್‌ನ ಮಾತು. ಮಳೆಗಾಲದಲ್ಲಿ ಹೊರಡುವ ದಿನ ಬೆಳಿಗ್ಗೆಯೇ ಕೇಳಿಕೊಳ್ಳಿ, ಹಿಂದಿನ ದಿನದ ಸುದ್ದಿ ನಂಬಬೇಡಿ. ರಾತ್ರಿ ಒಂದು ಜೋರು ಮಳೆ ಬಂದರೆ ಮಣ್ಣು ಜಾರುತ್ತದೆ, ಮರ ಅಡ್ಡ ಬೀಳುತ್ತದೆ. ಕೆಳಗಿನ ಪೆಟ್ರೋಲ್ ಬಂಕ್‌ನಲ್ಲಿ ನಿಂತು, ಆಗ ತಾನೇ ಇಳಿದು ಬಂದ ಗಾಡಿಯವರನ್ನು ಕೇಳಿ. ಅವರಷ್ಟು ಸರಿಯಾಗಿ ಯಾರೂ ಹೇಳಲ್ಲ.

ಚೋರ್ಲಾದಲ್ಲಿ ಮಂಜು ಬಂದರೆ ಬಾನೆಟ್‌ನ ಮುಂದೆ ಏನೂ ಕಾಣುವುದಿಲ್ಲ. ಆಗ ಹೈ ಬೀಮ್ ಹಾಕಬೇಡಿ, ಬೆಳಕು ಮಂಜಿಗೆ ಬಡಿದು ನಿಮ್ಮ ಕಣ್ಣಿಗೇ ಬರುತ್ತದೆ. ಡಿಪ್ ಮಾಡಿ, ರಸ್ತೆಯ ಅಂಚಿನ ಬಿಳಿ ಗೆರೆ ಹಿಡಿದು ನಿಧಾನಕ್ಕೆ ಹೋಗಿ. ತಿರುವಿನಲ್ಲಿ ಹಾರ್ನ್ ಹೊಡೆಯಿರಿ. ಕೆಳಗಿನಿಂದ ಹತ್ತಿ ಬರುವ ಗಾಡಿಗೆ ದಾರಿ ಬಿಡಿ. ಅವನು ಅರ್ಧದಲ್ಲಿ ನಿಂತರೆ ಲೋಡ್ ಹಿಂದಕ್ಕೆ ಎಳೆಯುತ್ತದೆ.

ಇಳಿಯುವಾಗಲೇ ಜಾಸ್ತಿ ಹುಷಾರಾಗಿರಬೇಕು. ಯಾವ ಗೇರ್‌ನಲ್ಲಿ ಹತ್ತುತ್ತೀರೋ ಅದೇ ಗೇರ್‌ನಲ್ಲಿ ಇಳಿಯಿರಿ. ನ್ಯೂಟ್ರಲ್ ಮಾಡಿ ಡೀಸೆಲ್ ಉಳಿಸುವ ಆಸೆ ಬೇಡ. ಮೊದಲ ವರ್ಷ ಟೊಮ್ಯಾಟೊ ತುಂಬಿಕೊಂಡು ಬ್ರೇಕ್ ಮೇಲೆ ಕಾಲಿಟ್ಟೇ ಇಳಿಯುತ್ತಿದ್ದೆ. ಕೇರಿ ಇನ್ನೂ ಕೆಳಗಿತ್ತು. ಸುಟ್ಟ ರಬ್ಬರಿನಂಥ ವಾಸನೆ ಬಂತು. ಪೆಡಲ್ ಒತ್ತಿದರೆ ಹತ್ತಿಯ ಹಾಗೆ ಒಳಗೆ ಹೋಯಿತು. ಎರಡನೇ ಗೇರ್, ಆಮೇಲೆ ಒಂದನೇ ಗೇರ್, ಹ್ಯಾಂಡ್‌ಬ್ರೇಕ್ ಸ್ವಲ್ಪ ಸ್ವಲ್ಪ ಎಳೆಯುತ್ತಾ ಬೆಟ್ಟದ ಕಡೆಯ ಮಣ್ಣಿಗೆ ಉಜ್ಜಿ ನಿಲ್ಲಿಸಿದೆ. ಹಿಂದೆ ಬಂದ ಕಾಕಾ ಒಬ್ಬರು ಓಡಿ ಬಂದು ಗಾಲಿಗೆ ಕಲ್ಲು ಕೊಟ್ಟರು. ಬ್ರೇಕ್ ಡ್ರಮ್ಮಿಗೆ ನೀರು ಹಾಕಲು ಹೋದೆ, ಕೈ ಹಿಡಿದು ತಡೆದರು. "ಕಾದ ಕಬ್ಬಿಣ ಅದು, ಒಡೀತೈತಿ. ಸುಮ್ನೆ ಕೂಡ್ರು." ಮುಕ್ಕಾಲು ಗಂಟೆ ಕೂತೆವು. ಅವತ್ತಿನಿಂದ ಸೀಟಿನ ಕೆಳಗೆ ಎರಡು ಮರದ ತುಂಡು ಇಟ್ಟುಕೊಂಡಿದ್ದೇನೆ. ನೀವೂ ಇಟ್ಟುಕೊಳ್ಳಿ.

ಮಕ್ಕಳು, ವಯಸ್ಸಾದವರು ಜೊತೆಗಿದ್ದು ಮಳೆ ಬಿಡದಿದ್ದರೆ ರೈಲೇ ವಾಸಿ. ವಾಸ್ಕೋ, ಮಡಗಾಂವ್, ಕುಳೆಂ, ಕ್ಯಾಸಲ್‌ರಾಕ್, ಲೋಂಡಾ. ಕುಳೆಂನಿಂದ ಮೇಲೆ 37 ಮೀಟರ್ ಮುಂದೆ ಹೋದರೆ ಒಂದು ಮೀಟರ್ ಏರು. ರೈಲಿಗೆ ಇದು ಬಹಳ ಕಡಿದು. ಅದಕ್ಕೇ ಅಲ್ಲಿ ಹೆಚ್ಚುವರಿ ಎಂಜಿನ್ ಜೋಡಿಸುತ್ತಾರೆ. ಗಾಡಿ ಅಲ್ಲಿ ಹೊತ್ತು ನಿಂತರೆ ಗಾಬರಿಯಾಗಬೇಡಿ. ದೂಧ್‌ಸಾಗರ ಜಲಪಾತ ಕಂಡಾಗ ಮಕ್ಕಳನ್ನು ಬಾಗಿಲ ಹತ್ತಿರ ಬಿಡಬೇಡಿ, ಹಳಿಗೆ ಇಳಿಯಲೂಬೇಡಿ.

ಚೋರ್ಲಾದಲ್ಲಿ ಹೋದವರು ಕಣಕುಂಬಿಯಲ್ಲಿ ಹತ್ತು ನಿಮಿಷ ನಿಲ್ಲಿ, ಎಂಜಿನ್ ತಣ್ಣಗಾಗಲಿ. ನಮ್ಮ ಮಲಪ್ರಭೆ ಹುಟ್ಟುವುದು ಅಲ್ಲೇ. ಆ ನೀರು ಮೂಡಣಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆ ಸೇರುತ್ತದೆ. ಅದೇ ಖಾನಾಪುರ ತಾಲ್ಲೂಕಿನ ಕಾಡಿನಲ್ಲಿ ಹುಟ್ಟುವ ಮಹದಾಯಿ ಪಡುವಣಕ್ಕೆ ಇಳಿದು ಮಾಂಡವಿಯಾಗುತ್ತದೆ, ನೀವು ಬೆಳಿಗ್ಗೆ ಬಿಟ್ಟು ಬಂದ ಗೋವಾದಲ್ಲೇ ಹರಿದು ಪಣಜಿಗೆ ಹೋಗುತ್ತದೆ. ಮಕ್ಕಳಿಗೆ ಅಲ್ಲೇ ನಿಂತು ಎರಡೂ ದಿಕ್ಕು ತೋರಿಸಿ. ಆಮೇಲೆ ಜಾಂಬೋಟಿ ಕಡೆಗೆ ಹೊರಡಿ.